ಉಳಿದದ್ದು ನಾಳೆಗೆ

ಶನಿವಾರ ಬೆಳಿಗ್ಗೆ ನಾಲ್ಕು ಜನ ಕೂತು ಅಂಚೆಯಕ್ಕ ತಯಾರಿಸಿದ ಆಟ ಆಡಿದರು. ಕೊಟ್ಟಿದ್ದ ಒಂದು ಗಂಟೆ ಮುಗಿಯಿತು, ಆಟ ಮಾತ್ರ ಮುಗಿಯಲಿಲ್ಲ.

ಅದು ಎರಡು ದಿನದ ಬೋರ್ಡ್ ಗೇಮ್ ಮೇಳ. ಒಳಾಂಗಣ ಕ್ರೀಡಾಂಗಣದ ತುಂಬ ಮಡಚುವ ಮೇಜುಗಳು. ಮೂಲೆಯ ಐದು ಮೇಜುಗಳು ಮನೆಯಲ್ಲೇ ಆಟ ಮಾಡಿಕೊಂಡು ಬಂದವರಿಗೆ ಮೀಸಲು. ಗುರುತುಪರಿಚಯವಿಲ್ಲದ ನಾಲ್ವರು ಒಂದು ಗಂಟೆಯೊಳಗೆ ಆಟವನ್ನು ಕೊನೆ ಮುಟ್ಟಿಸಿದರೆ ಅದಕ್ಕೆ ಕ್ಲಬ್ಬಿನ ಕಪಾಟಿನಲ್ಲಿ ಜಾಗ ಸಿಗುತ್ತಿತ್ತು. ಆಮೇಲೆ ವರ್ಷವಿಡೀ ಯಾರು ಬೇಕಾದರೂ ತೆಗೆದು ಆಡಬಹುದು. ಅಂಚೆಯಕ್ಕನಿಗೆ ಬೇಕಾಗಿದ್ದುದು ಆ ಜಾಗ. ಮೂವತ್ತೊಂದು ವರ್ಷ ಕಾಗದ ಹಂಚಿದವಳಿಗೆ ಬರುವ ತಿಂಗಳು ನಿವೃತ್ತಿ. ತನ್ನ ಹದಿನೇಳು ಬೀದಿಗಳನ್ನು ಮೂರು ವರ್ಷ ಕೂತು ರಟ್ಟಿನ ಮೇಲೆ ಇಳಿಸಿದ್ದಳು. ಮನೆಗಳ ಚಿತ್ರ ಬರೆದುಕೊಟ್ಟವಳು ನಾದಿನಿ, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ನಾಯಿ ಕಾಯುವ ಗೇಟು, ಕರೆಗಂಟೆ ಕೆಟ್ಟ ಮನೆ, ಲಿಫ್ಟ್ ನಿಂತುಹೋದ ಐದು ಮಹಡಿ, ಒಂದನ್ನೂ ಬಿಟ್ಟಿರಲಿಲ್ಲ. ಮುಟ್ಟಿಸಿದ ಪ್ರತಿ ಕಾಗದಕ್ಕೂ ಒಂದು ಮಣಿ. ನಾಲ್ವರ ಚೀಲವೂ ಖಾಲಿಯಾದಾಗ ಆಟ ಮುಗಿಯಬೇಕು. ಆದರೆ ಪ್ರತಿ ಸುತ್ತಿಗೂ ಹೊಸ ಕಾಗದಗಳು ಬಂದು ಬೀಳುತ್ತಿದ್ದವು.

"ಚೆನ್ನಾಗೇ ಇದೆ ಅಕ್ಕಾ," ಎಂದ, ಆ ಮೂಲೆಯನ್ನು ನೋಡಿಕೊಳ್ಳುತ್ತಿದ್ದ ಗ್ರಂಥಪಾಲಕ. "ಆದ್ರೆ ಆಟ ಅಂದ್ಮೇಲೆ ಮುಗೀಬೇಕಲ್ವಾ? ನಾಳೆ ಮೂರು ಗಂಟೆಗೆ ಕೊನೇ ಸರದಿ ಖಾಲಿ ಇದೆ. ನಿಮ್ಮ ಹೆಸ್ರೇ ಬರ್ಕೋತೀನಿ." ಮಿಕ್ಕವರ ಹೆಸರೆಲ್ಲ ಪೆನ್ಸಿಲಿನಲ್ಲಿತ್ತು. ಇವಳದನ್ನು ಅವನು ಪೆನ್ನಿನಲ್ಲಿ ಬರೆದ.

ಬೇರೆಯವರ ಆಟಗಳು ಹೇಗೆ ಮುಗಿಯುತ್ತವೆಂದು ನೋಡಲು ಅತ್ತಿಗೆ ನಾದಿನಿಯರು ಮೇಜಿಂದ ಮೇಜಿಗೆ ಹೊರಟರು. ಕುರಿ ಕೂಡಿಹಾಕುವ ಆಟ ದೊಡ್ಡಿ ತುಂಬಿದ ಕೂಡಲೇ ಮುಗಿಯಿತು. ಸೇತುವೆಯ ಆಟ ಹಲಗೆ ತೀರಿದಾಗ. ದೀಪಸ್ತಂಭದ ಆಟದಲ್ಲಿ ಎಲ್ಲರೂ ಒಂದೇ ಕಡೆಯವರು. ಎಣ್ಣೆ ತೀರಿ ದೀಪ ಆರಿ ಎಲ್ಲರೂ ಒಟ್ಟಿಗೇ ಸೋತು, ಕೈಕುಲುಕಿ ನಕ್ಕರು. ಪ್ರತಿ ಮೇಜಿನಲ್ಲೂ ಅಂಚೆಯಕ್ಕ ಕೂರುವ ಮೊದಲೇ ಕೇಳುತ್ತಿದ್ದಳು, "ಇದು ಮುಗಿಯೋದು ಹೇಗಪ್ಪಾ?"

"ಅತ್ತಿಗೆ, ಬಂದ ಕೂಡ್ಲೇ ಹಾಗೆ ಕೇಳಿದ್ರೆ ನಮ್ಮನ್ನ ಬಲವಂತವಾಗಿ ಎಳ್ಕೊಂಡು ಬಂದಿದ್ದಾರೆ ಅನ್ಕೋತಾರೆ," ಎಂದಳು ನಾದಿನಿ. "ಸುಮ್ನೆ ಅರವತ್ತು ಕಾಗದ, ಅಷ್ಟಕ್ಕೆ ಮುಗೀತು ಅಂತ ಮಾಡ್ಬಿಡಿ."

"ಕಾಗದ ಮುಗಿಯೋದು ಅಂದ್ರೇನೇ? ಎಲ್ಲಾದ್ರೂ ಕೇಳಿದ್ದೀಯಾ?"

"ಆಟದಲ್ಲಿ ಮುಗಿಯುತ್ತೆ."

"ಸುಳ್ಳು ಆಟ ಕಪಾಟಲ್ಲಿದ್ದು ಏನು ಪ್ರಯೋಜನ?"

ಹಟ ಬಿಡದೆ ಭಾನುವಾರವೂ ಅದೇ ಆಟವನ್ನು ಹಾಸಿದಳು. ಈ ಸಲ ಕೂತವರು ಒಬ್ಬ ಬಸ್ ಡ್ರೈವರ್, ಒಬ್ಬರು ಹಲ್ಲಿನ ಡಾಕ್ಟರಮ್ಮ, ಕಾಲೇಜು ಓದುವ ಅಕ್ಕ ತಂಗಿ. ಎಲ್ಲರೂ ಖುಷಿಯಾಗಿಯೇ ಆಡಿದರು. ನಲವತ್ತು ನಿಮಿಷವಾದರೂ ಚೀಲಗಳು ತುಂಬಿಯೇ ಇದ್ದವು. ಗ್ರಂಥಪಾಲಕ ಗಡಿಯಾರ ನೋಡಿದ್ದನ್ನು ಅಂಚೆಯಕ್ಕ ನೋಡಿದಳು.

ಡ್ರೈವರ್ ಕೈಲಿದ್ದ ಕಾಗದಗಳನ್ನು ಕೆಳಗಿಟ್ಟ. "ಅಲ್ಲಮ್ಮಾ, ಕೆಲಸದಲ್ಲಿ ನಿಮ್ಮ ಚೀಲ ಯಾವತ್ತಾದ್ರೂ ಪೂರ್ತಿ ಖಾಲಿ ಆಗಿತ್ತಾ?"

"ಇಲ್ಲಪ್ಪ."

"ಮತ್ತೆ ಮನೆಗೆ ಹೋಗೋದು ಹೇಗೆ? ನನ್ಗೂ ಸ್ಟಾಪಲ್ಲಿ ಜನ ಮುಗಿದಿದ್ದೇ ಇಲ್ಲ. ಪಾಳಿ ಮುಗಿದಾಗ ಇಳೀತೀನಿ."

ಅಂಚೆಯಕ್ಕ ತಾನೇ ಮೇಜನ್ನು ಒಮ್ಮೆ ತಟ್ಟಿ ತೋರಿಸಿದಳು. "ಎರಡೂವರೆಗೆ ನಮ್ಮ ಆಫೀಸಲ್ಲಿ ಕಾಗದ ವಿಂಗಡಣೆ ಮಾಡೋನು ಹೀಗೆ ಮೇಜು ತಟ್ತಾನೆ. 'ಉಳಿದದ್ದು ನಾಳೆಗೆ, ನಡೀರಿ ಮನೆಗೆ' ಅಂತಾನೆ. ಉಳಿದದ್ದನ್ನ ನನ್ನ ಬೀದಿಗಳ ಸಾಲಿಗೇ ಜೋಡಿಸಿ ಕಟ್ಟಿಡ್ತಾನೆ. ಬೆಳಿಗ್ಗೆ ಬಂದು ಎತ್ಕೊಂಡು ಹೊರಟ್ರೆ ಆಯ್ತು."

"ಅದು ಅವರ ಕೆಲಸನಾ?" ಎಂದು ತಂಗಿ ಕೇಳಿದಳು.

ಅಲ್ಲ, ಅದು ಅವನ ಕೆಲಸವಲ್ಲ. ಒಮ್ಮೆ ಅವನು ಜ್ವರ ಬಂದು ವಾರ ಮಲಗಿದ್ದಾಗ ಕಟ್ಟುಗಳೆಲ್ಲ ಕಲಸುಮೇಲೋಗರವಾಗಿದ್ದವು. ಆಗಷ್ಟೇ ಅದು ಅವಳಿಗೆ ಗೊತ್ತಾಗಿತ್ತು. ಅವನು ಎದ್ದು ಬಂದ ಮೇಲೆ ಮತ್ತೆ ಮರೆತುಹೋಗಿತ್ತು. ನಾಯಿಗೂ ಕೆಟ್ಟ ಕರೆಗಂಟೆಗೂ ಜಾಗ ಕೊಟ್ಟವಳು ಅವನಿಗೆ ರಟ್ಟಿನ ಮೇಲೆ ಬೆರಳಗಲ ಜಾಗ ಇಟ್ಟಿರಲಿಲ್ಲ.

ನಾದಿನಿ ಆಗಲೇ ಒಂದು ಖಾಲಿ ಕಾರ್ಡು ಹುಡುಕಿ ಪೆನ್ನು ತೆಗೆದಿದ್ದಳು. "ಅವ್ರು ಹೇಗಿದ್ದಾರೆ, ಬೇಗ ಹೇಳಿ."

"ಕಿವಿ ಮೇಲೆ ಪೆನ್ಸಿಲ್. ಮುಂದೆ ಕೂದ್ಲಿಲ್ಲ."

"ಕೂದ್ಲು ನಾನು ಕೊಡ್ತೀನಿ ಬಿಡಿ, ಪಾಪ."

"ಈಗ ಸೇರಿಸ್ಬಹುದಾ?" ಎಂದು ಅಂಚೆಯಕ್ಕ ಗ್ರಂಥಪಾಲಕನತ್ತ ತಿರುಗಿದಳು.

"ತಿದ್ದೋಕೇ ತಾನೆ ಈ ಮೂಲೆ ಇರೋದು? ಇನ್ನೂ ಹದಿನಾಲ್ಕು ನಿಮಿಷ ಇದೆ."

ಕಾಗದದ ಕಟ್ಟಿನ ನಡುವೆ ಎಲ್ಲೋ ಆ ಕಾರ್ಡನ್ನು ಸೇರಿಸಿ ಕಲಸಿದರು. ಅದು ಯಾರ ಕೈಗೆ ಬರುತ್ತದೋ ಅವರು ಮೇಜು ತಟ್ಟಬೇಕು, ಆಟ ಅಲ್ಲಿಗೆ ಮುಗಿಯಿತು. ಒಂದು ಸುತ್ತು ಕಳೆಯಿತು, ಎರಡು ಕಳೆಯಿತು. ಈಗ ಯಾರೂ ಕಾಗದ ಕೂಡಿಡುತ್ತಿರಲಿಲ್ಲ. ಯಾವ ಗಳಿಗೆಯಲ್ಲಿ ಯಾರು ಮೇಜು ತಟ್ಟುತ್ತಾರೋ ಎಂದು ಓಡಿ ಓಡಿ ಮುಟ್ಟಿಸುತ್ತಿದ್ದರು. ಐದನೆಯ ಸುತ್ತಿನಲ್ಲಿ ಡಾಕ್ಟರಮ್ಮ ಕಾರ್ಡು ಎತ್ತಿ, ನೋಡಿ, ಮೇಜು ತಟ್ಟಿದರು.

"ಉಳಿದದ್ದು ನಾಳೆಗೆ. ನಡೀರಿ ಮನೆಗೆ."

ಐವತ್ತೇಳು ನಿಮಿಷವಾಗಿತ್ತು. ಮಣಿ ಎಣಿಸಿದರೆ ಕಾಲೇಜು ಓದುವ ಅಕ್ಕ ಗೆದ್ದಿದ್ದಳು. "ನನ್ನನ್ನ ನಾಯಿ ನಾಲ್ಕು ಸಲ ಓಡಿಸ್ತು," ಎಂದ ಎಲ್ಲರಿಗಿಂತ ಹಿಂದೆ ಉಳಿದ ಡ್ರೈವರ್. "ಆದ್ರೂ ಪಾಳಿ ಮುಗೀತಲ್ಲ."

ಚೀಲಗಳಲ್ಲಿ ಹದಿನಾಲ್ಕು ಕಾಗದ ಉಳಿದಿದ್ದವು. ಅಂಚೆಯಕ್ಕ ಅವನ್ನು ಡಬ್ಬಿಗೆ ಸುರಿಯಹೊರಟಳು.

"ತಾಳಿ," ಎಂದರು ಡಾಕ್ಟರಮ್ಮ. "ಮೊದಲನೇ ಬೀದಿ ಯಾವ ಕಡೆ?" ಹದಿನಾಲ್ಕನ್ನೂ ಬೀದಿಯ ಸಾಲಿಗೆ ಜೋಡಿಸಿ, ತಮ್ಮ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಕಟ್ಟಿದರು. "ಮುಂದಿನ ಸಲ ಆಡೋರು ಇಲ್ಲಿಂದ ಶುರು ಮಾಡ್ಲಿ."

ಗ್ರಂಥಪಾಲಕ ಡಬ್ಬಿಯನ್ನು ಕಪಾಟಿನ ಎರಡನೆಯ ಸಾಲಿನಲ್ಲಿ, ಕೈಗೆ ಎಟುಕುವ ಎತ್ತರದಲ್ಲಿ ಇಟ್ಟ.

ಸೋಮವಾರ ಎರಡೂವರೆಗೆ ಅಂಚೆ ಕಚೇರಿಯ ಹಿಂಭಾಗದಲ್ಲಿ ಮೇಜು ತಟ್ಟಿದ ಸದ್ದಾಯಿತು. ಬೇರೆಯವರು ಚಪ್ಪಲಿ ಮೆಟ್ಟಿ ಹೊರಟರು. ಅಂಚೆಯಕ್ಕ ಹೋಗಲಿಲ್ಲ. ವಿಂಗಡಣೆಯವನು ಅವಳ ಬೀದಿಗಳ ಕಾಗದಗಳನ್ನು ಒಂದೊಂದಾಗಿ ಜೋಡಿಸಿ ದಾರ ಸುತ್ತುವುದನ್ನು ನಿಂತು ನೋಡಿದಳು.

"ಏನಕ್ಕಾ, ಮನೆ ದಾರಿ ಮರೆತೋಯ್ತಾ?"

"ಇಲ್ಲಪ್ಪ. ಈ ಭಾನುವಾರ ಬಿಡುವಾಗಿದ್ದೀಯಾ? ಒಂದು ಆಟ ಆಡೋಕೆ ಕರ್ಕೊಂಡು ಹೋಗ್ಬೇಕು ನಿನ್ನ."

"ನನ್ಗೆ ಆಟಗೀಟ ಬರಲ್ಲ."

"ನಿನ್ಗೆ ಬರುತ್ತೆ," ಎಂದಳು ಅಂಚೆಯಕ್ಕ.