ಸಪ್ಪಳವಿಲ್ಲದ ಟಂಟಂ

ಶಿರವಾಳದ ಕ್ರಾಸಿನಲ್ಲಿ ಇವತ್ತೂ ನರಪಿಳ್ಳೆ ಇರಲಿಲ್ಲ. ಮೌನೇಶ ಗಾಡಿ ನಿಲ್ಲಿಸಿ, ರಸ್ತೆಯ ಬಲಕ್ಕೆ ದಟ್ಟವಾಗಿ ಬೆಳೆದ ಜಾಲಿಕಂಟಿಯ ಕಡೆ ಕಣ್ಣು ನೆಟ್ಟು ಕೂತ. ಕಂಟಿಯ ಆಚೆಗೆ ಕೆಳಗಿನ ಓಣಿ. ಹತ್ತಿ ಬಿಡಿಸಲು ಹೋಗುವ ಹೆಣ್ಣಾಳುಗಳು ಅಲ್ಲಿಂದ ಬುತ್ತಿಗಂಟು ಹಿಡಿದು ಸಾಲಾಗಿ ಬರಬೇಕಿತ್ತು. ಊರೊಳಗಿನ ಮಂದಿಯೆಲ್ಲ ಬೈಕು ತಗೊಂಡ ಮೇಲೆ ಮೌನೇಶನ ಹೊಟ್ಟೆ ನಡೆಯುತ್ತಿದ್ದುದು ಆ ಓಣಿಯಿಂದಲೇ. ಆದರೆ ಹೊಸ ಗಾಡಿ ತಂದಾಗಿನಿಂದ ಅಲ್ಲಿಯ ಒಬ್ಬಳೂ ಹತ್ತಿಲ್ಲ. ಹೀಗೇ ನಡೆದರೆ ಗಾಡಿ ಮಾರಿ, ತಾನೂ ಅವರ ಜೊತೆ ಹತ್ತಿ ಬಿಡಿಸಲು ಹೋಗುವುದೊಂದೇ ಬಾಕಿ.

"ಇದು ಶರೀಫಸಾಬಂದೇ ಕೆಲಸ," ಎಂದು, ಅದೇ ದಾರಿಯಲ್ಲಿ ಇನ್ನೊಂದು ಗಾಡಿ ಓಡಿಸುವವನ ಮೇಲೆ ಹಲ್ಲು ಕಡಿದ.

ಬೇಸಿಗೆಯಲ್ಲಿ ಅರಬರ ಸಮುದ್ರದಲ್ಲೆಲ್ಲೋ ಜಗಳ ಹತ್ತಿ ಎಣ್ಣೆಯ ಹಡಗುಗಳು ನಿಂತವೆಂದು ಸುದ್ದಿಯಾಗಿ, ಪಂಪಿನವರು ಡೀಸೆಲ್ ಇಲ್ಲವೆಂದು ಹಗ್ಗ ಕಟ್ಟಿದ್ದರು. ಅವರ್ಯಾರೋ ಜಗಳಾಡಿದರೆ ಶಹಾಪುರದಲ್ಲಿ ತಾನ್ಯಾಕೆ ಕ್ಯಾನು ಹಿಡಿದು ಬಿಸಿಲಿಗೆ ನಿಲ್ಲಬೇಕು ಎಂದು ಮೌನೇಶನಿಗೆ ರೋಸಿಹೋಯಿತು. ಮಂದಿ ಹೊರುವ ಮೂರು ಗಾಲಿಯ ಹಳೆಯ ಡೀಸೆಲ್ ಟಂಟಂ ಮಾರಿ ಬ್ಯಾಟರಿಯದು ತಂದ. ಮಾವನ ಮನೆಗೆ ಹೋಗುವ ಅಳಿಯನ ಹಾಗೆ ಮೆಲ್ಲಗೆ ಸಾಗುವ ಗಾಡಿ. "ಹೆಸರು ಮೌನೇಶ, ಈಗ ಗಾಡಿನೂ ಮೌನ ಹಿಡದಾದ," ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ನಕ್ಕರು. ಅವನೂ ನಕ್ಕಿದ್ದ. ಆಗಿನ್ನೂ ನಗು ಇತ್ತು.

ಖಾಲಿ ಗಾಡಿಯನ್ನೇ ಶಹಾಪುರಕ್ಕೆ ತಂದು ನಿಲ್ಲಿಸಿ ಹೋಟೆಲಿನ ಮುಂದೆ ನಿಂತಾಗ, ಶರೀಫಸಾಬನ ಹೊಗೆ ಕಾರುವ ಟಂಟಂ ಬಂತು. ಅದರಿಂದ ಇಳಿದವರು ಯಾರು? ಕೆಳಗಿನ ಓಣಿಯ ಹೆಣ್ಣಾಳುಗಳು. ಅವನ ಕಡೆ ಕಣ್ಣೆತ್ತಿಯೂ ನೋಡದೆ ಹೊರಟುಹೋದರು.

"ಏನು ಹೇಳ್ದಿ ಅವ್ರಿಗಿ? ಬ್ಯಾಟ್ರಿ ಸಿಡೀತಾದ ಅಂದ್ಯೇನು? ಕರೆಂಟ ಹೊಡೀತಾದ ಅಂದ್ಯೇನು?" ಮೌನೇಶ ನೇರ ಮೈಮೇಲೆ ಹೋದ.

ಶರೀಫಸಾಬ ಬಸಿಗೆ ಸುರಿದ ಚಹಾ ಊದಿದ. "ನಾ ಯಾಕ ಹೇಳ್ಲೋ ಮೌನ್ಯಾ? ನಾ ಕ್ರಾಸಿಗಿ ಬರೋದ್ರಾಗ ಬಂದು ನಿಂತಿದ್ರು, ಹತ್ತಿಸ್ಕೊಂಡೆ."

"ನಾ ಅರಬರ ಗುಲಾಮಗಿರಿ ಬಿಟ್ಟೀನಿ ಅಂತ ನಿನಗ ಹೊಟ್ಟಿಕಿಚ್ಚು."

"ಬಿಟ್ಟು ಎಲ್ಲಿ ಹೋದಿ? ಬ್ಯಾಟ್ರಿ ಏನು ನಿಮ್ಮ ಹೊಲದಾಗ ಬೆಳದಾದೇನು? ಚೀನಾದಾಗಿಂದ ಬಂದಾದ. ಕರೆಂಟ ರಾಯಚೂರಾಗ ಕಲ್ಲಿದ್ದಲಿ ಸುಟ್ಟು ಮಾಡ್ತಾರ. ಒಬ್ಬ ಗೌಡನ ಮನಿ ಬಿಟ್ಟು ಇನ್ನೊಬ್ಬ ಗೌಡನ ಮನಿಗಿ ಜೀತಕ್ಕ ಹೋದಿ, ಅಷ್ಟೇ."

"ಮನಿ ಮ್ಯಾಲ ಸೋಲಾರ ಕುಂದ್ರಸ್ತೀನಿ, ನೋಡ್ತಿರು. ನಮ್ಮ ಬಿಸಿಲಿಗಿ ಯಾರ ಪರವಾನಗಿ ಬೇಕು?"

"ಬಿಸಿಲೇನೋ ಬೇಕಾದಷ್ಟದಪಾ," ಎಂದು ಶರೀಫಸಾಬ ಅವನ ಗಾಡಿಯ ಕಡೆ ನೋಡಿದ. "ಮಂದಿ ಎಲ್ಲದ?"

ಹೋಟೆಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರೂ ಇದರಲ್ಲಿ ಪಾಲುದಾರರೇ ಎಂದು ಮೌನೇಶನಿಗೆ ಖಾತ್ರಿಯಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ಸುಳ್ಳಲ್ಲ. ಸಂಜೆಯ ಹೊತ್ತಿಗೆ ಅವನು ತನ್ನ ಹೆಂಡತಿಯ ಮೇಲೂ ಅನುಮಾನಪಟ್ಟಿದ್ದ. ಅವಳು ಮೊದಲಿನಿಂದಲೂ ಶರೀಫಸಾಬನ ಮಾತು ಸರಿಯೆನ್ನುತ್ತಿದ್ದವಳು.

ಮರುದಿನ ಕ್ರಾಸಿನಲ್ಲಿ ಮತ್ತೆ ಅದೇ ಖಾಲಿ ರಸ್ತೆ. ಮೌನೇಶನಿಗೆ ತಡೆಯಲಾಗಲಿಲ್ಲ. ಇಳಿದವನೇ ಜಾಲಿಕಂಟಿಯ ನಡುವಿನ ಕಾಲುದಾರಿ ಹಿಡಿದು ದಡದಡ ನಡೆದ. ಓಣಿಯ ಬಾಯಲ್ಲೇ ನೀಲಿ ಧ್ವಜದ ಕಟ್ಟೆ. ಹೆಣ್ಣಾಳುಗಳೆಲ್ಲ ತಲೆಗೆ ವಸ್ತ್ರ ಸುತ್ತಿ, ಬುತ್ತಿ ಮಗ್ಗುಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದರು. ಅವರನ್ನು ಕೂಲಿಗೆ ಕರೆದೊಯ್ಯುವ ಹಿರಿಯಳು ಮರಿಲಿಂಗಮ್ಮ. ಅವನನ್ನು ಕಂಡದ್ದೇ ಅವಳ ಬಾಯಲ್ಲಿಯ ಎಲೆ ಅಡಿಕೆ ಅಲ್ಲೇ ನಿಂತಿತು.

"ತಯಾರಾಗಿ ಇಲ್ಲಿ ಕುಂತೀರಿ, ಅಲ್ಲಿ ನನ್ನ ಗಾಡಿ ಖಾಲಿ ಹೊಂಟಾದ! ಶರೀಫಸಾಬ ಏನು ಮದ್ದು ಹಾಕ್ಯಾನ ನಿಮಗ?"

"ಆಂವ ಯಾಕ ಹಾಕ್ಲಿ?" ಮರಿಲಿಂಗಮ್ಮ ಕೂತಲ್ಲಿಂದ ಏಳಲಿಲ್ಲ. "ನಮ್ಮನ್ನ ಬಿಟ್ಟಾಂವ ನೀನು. ಹೊಸ ಗಾಡಿ, ಮೆತ್ತನ ಸೀಟು. ಈ ಓಣಿಯವ್ರು ಕುಂತ್ರ ಮೈಲಿಗಿ ಆಗ್ತಾದಂತ ನಿಂದರಸಲಾರದ ಹೋಗಾಕತ್ತಿ. ನಮಗೇನು ತಿಳಿಯಂಗಿಲ್ಲೇನು?"

ಮೌನೇಶನ ಕಿವಿ ಬಿಸಿಯಾದವು. "ಯವ್ವಾ, ತಿಂಥಣಿ ಮೌನಪ್ಪನ ಆಣಿ, ದಿನಾ ಬಂದು ನಿಂತು ಹೋಗೀನಿ!"

"ಬಂದ್ರ ಸಪ್ಪಳ ಕೇಳಬೇಕಲ್ಲ? ನಾವೇನು ಕಿವುಡ್ರೇನು?"

ಅವನು ಬಾಯಿ ತೆರೆಯುವಷ್ಟರಲ್ಲಿ ಹಳ್ಳದ ಏರಿನಿಂದ ಸದ್ದು ಬಂತು. ಶರೀಫಸಾಬನ ಡೀಸೆಲ್ ಗಾಡಿ ಏರಲಾರದೆ ನರಳುತ್ತ ಬರುತ್ತಿತ್ತು. ಯಾರೂ ಯಾರಿಗೂ ಹೇಳಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಲೇ ಬುತ್ತಿಗಂಟು ಹಿಡಿದು ಎದ್ದು ನಿಂತರು. ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಮೌನೇಶನ ಮುಖ ನೋಡಿದರು.

ಅವನ ಹಳೆಯ ಗಾಡಿಯೂ ಆ ಏರಿನಲ್ಲಿ ಹಾಗೇ ನರಳುತ್ತಿತ್ತು. ಅದು ಕ್ರಾಸು ಮುಟ್ಟುವುದರೊಳಗೆ ಇವರು ಕಂಟಿ ದಾಟಿ ಬಂದಿರುತ್ತಿದ್ದರು. ಹಾರ್ನು ಒತ್ತುವ ಪ್ರಸಂಗ ಅವನಿಗೆ ಎಂದೂ ಬಂದಿರಲಿಲ್ಲ. ಈಗ ಸದ್ದಿಲ್ಲದೆ ಬಂದು, ಸದ್ದಿಲ್ಲದೆ ನಿಂತು, ಇವರನ್ನು ಬೈಯುತ್ತ ಸದ್ದಿಲ್ಲದೆ ಹೋಗಿದ್ದ.

"ಥೂ, ನನ್ನ ತಲಿಗಿಷ್ಟು! ಟಂಟಂ ಅನ್ನಲಾರದ್ದಕ್ಕ ಇಷ್ಟೆಲ್ಲ ಆಗ್ಯಾದ ನೋಡು!" ಮೌನೇಶನಿಗೆ ನಗು ತಡೆಯಲಾಗಲಿಲ್ಲ. ಎಳೆಯ ಹುಡುಗಿಯರಿಬ್ಬರು ಅವನೊಂದಿಗೆ ನಕ್ಕರು. ಮರಿಲಿಂಗಮ್ಮ ನಗಲಿಲ್ಲ.

"ಸಪ್ಪಳ ಕೇಳ್ಲಿಲ್ಲ, ಅದು ಖರೇನೇ ತಮ್ಮಾ. ಆದ್ರ ನಾವು ಬರ್ಲಿಲ್ಲಂದಾಗ ಒಮ್ಮಿ ಇಳದು ಬಂದು ಯಾಕಂತ ಕೇಳಿದ್ಯೇನು? ಇಷ್ಟು ವರ್ಷದಾಗ ಈ ಕಂಟಿ ದಾಟಿ ಬಂದ್ಯೇನು? ಇವತ್ತ ಬಂದಿ. ಅದೂ ಜಗಳಕ್ಕ."

ಮೌನೇಶನ ನಗು ಅಲ್ಲೇ ಒಣಗಿತು. ಮರಿಲಿಂಗಮ್ಮ ಎದ್ದು ತನ್ನ ಮನೆಯೊಳಗೆ ಹೋಗಿ, ಸ್ಟೀಲಿನ ತಂಬಿಗೆಯಲ್ಲಿ ನೀರು ತಂದು ಚಾಚಿದಳು.

"ಬಂದಿ ಅಂದಮ್ಯಾಲ ನೀರು ಕುಡಿ."

ಕ್ರಾಸಿನಲ್ಲಿ ಶರೀಫಸಾಬ ಹಾರ್ನು ಒತ್ತಿದ. ಯಾರೂ ಆ ಕಡೆ ತಿರುಗಲಿಲ್ಲ. ಮೌನೇಶ ತಂಬಿಗೆ ಇಸಿದುಕೊಂಡು, ರೂಢಿಯಂತೆ ಮುಖ ಮೇಲೆ ಮಾಡಿ, ತುಟಿಗೆ ತಾಗದ ಹಾಗೆ ಎತ್ತಿ ಹಿಡಿದ. ಯಾರ ಮನೆಯಲ್ಲಾದರೂ ಹಾಗೇ ಎತ್ತಿ ಕುಡಿಯುವವನು ಅವನು, ತನ್ನ ಮನೆಯಲ್ಲೂ ಹಾಗೇ. ಆದರೆ ಇಲ್ಲಿ ಅದನ್ನು ಯಾರು ನಂಬಬೇಕು? ಕಟ್ಟೆಯ ಮೇಲಿನ ಕಣ್ಣುಗಳೆಲ್ಲ ತನ್ನ ತುಟಿಗೂ ತಂಬಿಗೆಗೂ ನಡುವಿನ ಗೇಣಿನ ಮೇಲೆ ನೆಟ್ಟಿರುವುದು ಅವನಿಗೆ ತಿಳಿಯಿತು.

ತಂಬಿಗೆ ಕೆಳಗಿಳಿಸಿ, ಅಂಚಿಗೆ ತುಟಿ ಹಚ್ಚಿದ.

ರಸ್ತೆಯ ಮೇಲೆ ಡೀಸೆಲ್ ಗಾಡಿ ಇನ್ನೊಮ್ಮೆ ಕೂಗಿ, ಗುರುಗುಟ್ಟಿ, ಶಹಾಪುರದ ಕಡೆ ಹೊರಟುಹೋಯಿತು. ಓಣಿಯಲ್ಲಿ ಒಬ್ಬರೂ ಕದಲಲಿಲ್ಲ. ಮರಿಲಿಂಗಮ್ಮ ಅವನ ಗಂಟಲನ್ನೇ ನೋಡುತ್ತಿದ್ದಳು, ನೀರು ಒಳಗಿಳಿಯಿತೋ ಇಲ್ಲವೋ ಎಂದು.