ಐವರ್ ಪ್ರಾಸರ್ ಒಪ್ಪಿಗೆ ಕೇಳಿದ್ದು

ಐವರ್ ಪ್ರಾಸರ್ ನಮ್ಮೂರಿನ ಆಸ್ಟಿಯೋಪಾತ್, ಅಂದರೆ ಮೂಳೆ-ಕೀಲುಗಳನ್ನು ಕೈಯಿಂದಲೇ ಸರಿಮಾಡುವವರು. ಹೆರೆಫರ್ಡ್‌ಶೈರಿನ ನಮ್ಮ ಕಡೆ ಬೆನ್ನು, ಕತ್ತು ಹಿಡಿದುಕೊಂಡವರೆಲ್ಲ ಅವರ ಮಂಚದ ಮೇಲೆ ಮಲಗಿ ಎದ್ದವರೇ. ಕೈಗಿಂತ ಅವರ ಬಾಯಿ ಜಾಣ. "ಈ ಸಲ ಕಿತ್ತಳೆ ಮಾರ್ಮಲೇಡ್ ಗಟ್ಟಿ ಆಯ್ತಾ?" ಎಂದು ಕೇಳುವರು. ನಾವು ಸಕ್ಕರೆಯ ಸುದ್ದಿ ತೆಗೆಯುವಷ್ಟರಲ್ಲಿ ಕತ್ತು ಟಕ್ಕೆಂದು ಸರಿಹೋಗಿರುತ್ತಿತ್ತು.

ಆಮೇಲೆ ಕಾನೂನು ಬಂತು. ಲಂಡನ್ನಿನ ಮಂಡಳಿಯಲ್ಲಿ ನೋಂದಣಿಯಾಗದವರು ಆಸ್ಟಿಯೋಪಾತ್ ಎಂದು ಹೇಳಿಕೊಳ್ಳುವಂತಿಲ್ಲ. ಏನು ಮಾಡುತ್ತೇವೆಂದು ಮೊದಲೇ ಹೇಳಿ ರೋಗಿಯ ಒಪ್ಪಿಗೆಯನ್ನೂ ಕೇಳಬೇಕು. ಐವರ್ ಕೆಲಸ ಮಾಡುವುದನ್ನು ನೋಡಲು ಮಿಸ್ ಟ್ರೆಗಿಯರ್ ಎಂಬ ಪರೀಕ್ಷಕಿ ಬಂದರು. ಅವರಿಗೆ ಒಪ್ಪಿಗೆಯಾಗದಿದ್ದರೆ ಬಾಗಿಲಿನ ಹಿತ್ತಾಳೆ ನಾಮಫಲಕ ಕೆಳಗಿಳಿಯುತ್ತಿತ್ತು. ಅಂದಿನ ರೋಗಿ ನಾನು, ಕತ್ತು ಹಿಡಿದುಕೊಂಡಿದ್ದ ಹಿಲ್ಡಾ ಪಾಲ್ಫ್ರಿ.

"ಮಿಸೆಸ್ ಪಾಲ್ಫ್ರಿ," ಎಂದರು ಐವರ್, ಚರ್ಚಿನಲ್ಲಿ ಓದುವವರಂತೆ. "ನಿಮ್ಮ ಕತ್ತನ್ನ ಬಲಕ್ಕೆ ತಿರುಗಿಸ್ತೀನಿ. ಟಕ್ ಅನ್ನುತ್ತೆ. ನಾಳೆ ಸ್ವಲ್ಪ ನೋವಿರಬಹುದು. ಮಾಡ್ಲಾ?"

ಇಷ್ಟು ವರ್ಷ ಗೊತ್ತೇ ಆಗದೆ ನಡೆದುಹೋಗುತ್ತಿದ್ದ ಕೆಲಸಕ್ಕೆ ಹೀಗೆ ಹೆಸರಿಟ್ಟು ಹೇಳಿದರೆ ಕತ್ತು ಬಿಗಿದುಕೊಳ್ಳದೆ ಇದ್ದೀತೆ? ಆದರೆ ಕಾಲು ತುಳಿದವರಿಗೂ ನಾವೇ 'ಕ್ಷಮಿಸಿ' ಎನ್ನುವ ಜನ.

"ಓ, ಧಾರಾಳವಾಗಿ!" ಎಂದೆ.

ಐವರ್ ಬೆರಳುಗಳು ನನ್ನ ಕತ್ತಿನ ಮೇಲೆ ಸುಮ್ಮನೆ ಕೂತವು. ಅವರು ಮಾರ್ಮಲೇಡ್ ಮಾತು ತೆಗೆಯಲಿ ಎಂದು ನಾನು ಕಾದೆ. ತೆಗೆಯಲಿಲ್ಲ. ಕೈ ಹಿಂದಕ್ಕೆಳೆದುಕೊಂಡರು.

"ಇವತ್ತು ಬೇಡ."

"ಅಯ್ಯೋ, ನಾನು ಹೂಂ ಅಂದೆನಲ್ಲ!"

"ಬಾಯಿ ಹೂಂ ಅಂತು, ಹಿಲ್ಡಾ. ಕತ್ತು ಉಹೂಂ ಅಂತಿದೆ."

"ಅವರು ನೋಡ್ತಿದ್ದಾರೆ ಕಣ್ರೀ," ಎಂದು ಪಿಸುಗುಟ್ಟಿದೆ. "ಫಲಕ ಹೋಗುತ್ತೆ!"

"ಹೋದ್ರೆ ಹೋಗ್ಲಿ. ಪಾಲಿಶ್ ಮಾಡೋ ಕೆಲಸ ತಪ್ಪುತ್ತೆ," ಎಂದರು. ಆದರೆ ಅವರ ಕಿವಿ ಕೆಂಪಾಗಿತ್ತು. ನನ್ನ ಹೆಗಲ ಮೇಲೆ ಬಿಸಿ ಟವೆಲ್ ಹೊದಿಸಿ, ಮೆಲ್ಲಗೆ ಒತ್ತತೊಡಗಿದರು.

ಮಿಸ್ ಟ್ರೆಗಿಯರ್ ಪೆನ್ನಿನ ಮುಚ್ಚಳ ಹಾಕಿದರು.

"ಮಿಸ್ಟರ್ ಪ್ರಾಸರ್, ನಿಮ್ಮ ಭಾಷಣ ಭಯಂಕರವಾಗಿತ್ತು. ನನ್ನ ಕತ್ತೂ ಬಿಗಿದುಕೊಳ್ತು. ಸ್ವಲ್ಪ ನಯವಾಗಿ ಹೇಳೋದು ಕಲೀರಿ. ಆದ್ರೆ ಒಪ್ಪಿಗೆ ಸಿಕ್ಕ ಮೇಲೂ ಕೈ ತೆಗೆದ್ರಲ್ಲ, ಅದನ್ನ ಯಾರಿಗೂ ಕಲಿಸೋಕಾಗಲ್ಲ. ಫಲಕ ಅಲ್ಲೇ ಇರಲಿ."

ಐವರ್ ಮೂಗು ಒರೆಸಿಕೊಂಡರು, ನೆಗಡಿ ಇಲ್ಲದಿದ್ದರೂ.

ನಾನು ಮಾತ್ರ ತಂದಿದ್ದ ಕತ್ತನ್ನೇ ಹೊತ್ತು ಹೊರಬಿದ್ದೆ. ಬಲಗಡೆಯಿಂದ ಬರುವ ಕಾರು ನೋಡಲು ಇಡೀ ಮೈ ತಿರುಗಿಸಬೇಕಿತ್ತು. ಐವರ್ ಬಿಳಿ ಕೋಟಿನಲ್ಲೇ ಹಿಂದೆ ಓಡಿಬಂದರು.

"ಬಲಗಡೆ ನಾನು ನೋಡ್ತೀನಿ. ತೋಳು ಹಿಡ್ಕೊಳ್ಲಾ?"

"ಈ ಸಲ ನಿಜವಾಗ್ಲೂ ಹೂಂ," ಎಂದೆ.