ಮರಗಟ್ಟಿದ ದವಡೆಯ ಗಿಟಾರ್ ಪಾಠ

ಹಲ್ಲಿನ ಡಾಕ್ಟರು ಗಿಟಾರ್ ಕೊಂಡು ತಂದಾಗ ಅವರ ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚಾಗಿತ್ತು. ಕಂಡವರ ಬಾಯೊಳಗೆ, ಕಡಲೆಕಾಳಿನಷ್ಟು ಜಾಗದಲ್ಲಿ ಕೆಲಸ ಮಾಡಿ ಪಳಗಿದ ಕೈ ತನ್ನದು, ಆರು ತಂತಿ ಯಾವ ಲೆಕ್ಕ ಎಂದುಕೊಂಡಿದ್ದರು. ಒಂದೇ ವಾರಕ್ಕೆ ಎಡಗೈ ಬೆರಳುಗಳು ಊದಿಕೊಂಡು, ಅಂಗಿಯ ಗುಂಡಿ ಹಾಕಲೂ ಹೆಂಡತಿಯನ್ನು ಕರೆಯುವಂತಾಯಿತು.

ಗಿಟಾರ್ ಮಾರಿದ ಅಂಗಡಿಯವನು ಕಾರ್ಡ್ ಎನ್ನುವ ಮೂರು ಸ್ವರಗುಚ್ಛ ತೋರಿಸಿಕೊಟ್ಟಿದ್ದ. "ಎರಡು ಮೂರು ತಂತಿ ಒಟ್ಟಿಗೆ ಒತ್ತಿ ಹಿಡಿದು ಎಲ್ಲವನ್ನೂ ಮೀಟಿ, ಅಷ್ಟೇ. ಮೂರು ಕಾರ್ಡ್ ಬಂದ್ರೆ ಮುನ್ನೂರು ಹಾಡು ಬಂದ ಹಾಗೇ ಸಾರ್!"

ಹೇಗೋ ಮೂರೂ ಕೈಗೆ ಹತ್ತಿದವು. ಒಂದು ಭಾನುವಾರ ಡಾಕ್ಟರು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬಾರಿಸಿದರು. ಹಾಡುವ ಮಾತೇ ಇರಲಿಲ್ಲ. ಮಗಳು ತೊಟ್ಟಿಲಲ್ಲಿದ್ದಾಗ ಅವರು ಬಾಯಿ ತೆರೆದರೆ ಮಲಗಿದ ಮಗುವೂ ಎದ್ದು ಅಳುತ್ತಿತ್ತು. ಹಾಗಾಗಿ ಬರೀ ಝಂ ಝಂ ಝಂ.

ಹೆಂಡತಿ ಕೊನೆಯವರೆಗೂ ಸಹನೆಯಿಂದ ಕೇಳಿದಳು. "ಚೆನ್ನಾಗಿದೆ ರೀ. ಮುನ್ನೂರರಲ್ಲಿ ಇದು ಯಾವುದು?"

"ಜೋಗುಳ ಕಣೇ! ಮಗಳಿಗೆ ನೀನೇ ಹಾಡ್ತಿದ್ದೆಯಲ್ಲ!"

"ಇದಾ? ಬರೀ ಚಪ್ಪರ ಹಾಕಿದ್ದೀರಲ್ರೀ. ಬಳ್ಳಿ ಎಲ್ಲಿ?"

ಮಾತು ನಿಜ, ಝಂ ಝಂ ಇತ್ತೇ ಹೊರತು ರಾಗ ಇರಲಿಲ್ಲ, ಅದಕ್ಕೇ ನಾಟಿತು. ಮರುದಿನ ಡಾಕ್ಟರು ಗಿಟಾರನ್ನು ಕ್ಲಿನಿಕ್ಕಿಗೆ ಹೊತ್ತೊಯ್ದರು. ಅಲ್ಲಿ ಮುಂದಿನ ಮೇಜಿಗೆ ಕೂತು ರೋಗಿಗಳನ್ನು ಒಳಗೆ ಕಳಿಸುವವರು ಅವರ ಸ್ವಂತ ಅಕ್ಕ. ರೋಗಿಗಳು ಡಾಕ್ಟರಿಗಿಂತ ಹೆಚ್ಚು ಹೆದರುತ್ತಿದ್ದುದು ಅಕ್ಕನಿಗೆ, ಡಾಕ್ಟರೂ ಹಾಗೆಯೇ.

"ಲೋ, ಡ್ರಿಲ್ಲಿನ ಸದ್ದೇ ಸಾಲದು ಅಂತ ಇದು ಬೇರೆನಾ?" ಎಂದರು ಅಕ್ಕ.

"ರೋಗಿ ಇಲ್ಲದಾಗ ಮಾತ್ರ ಅಕ್ಕಾ."

ಮೊದಲ ದಿನವೇ ಎಡವಟ್ಟಾಯಿತು. ಹೊರಗೆ ಇಬ್ಬರು ಬಂದು ಕೂತದ್ದು ಒಳಗಿದ್ದ ಡಾಕ್ಟರಿಗೆ ಗೊತ್ತಾಗಲಿಲ್ಲ. ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆ ಅವರ ಬೆರಳಿಂದ ಜಾರಿ ಗಿಟಾರಿನ ಹೊಟ್ಟೆಯೊಳಗೆ ಹೋಯಿತು.

"ಅಕ್ಕಾ, ಒಳಗೆ ಬಿದ್ದೋಯ್ತು!" ಎಂದು ಕೂಗಿದರು. "ತಲೆಕೆಳಗು ಮಾಡಿ ಅಲ್ಲಾಡಿಸ್ತೀನಿ, ಬಾ ಹಿಡ್ಕೋ!"

ಅಕ್ಕ ಒಳಗೆ ಓಡಿ, ಬಿಲ್ಲೆ ಉದುರಿಸಿಕೊಟ್ಟು ಹೊರಗೆ ಬರುವಷ್ಟರಲ್ಲಿ ಕುರ್ಚಿಗಳು ಖಾಲಿ. ಒಬ್ಬರಂತೂ ಚಪ್ಪಲಿಯನ್ನೂ ಬಿಟ್ಟು ಹೋಗಿದ್ದರು.

ಆಮೇಲೆ ಅಕ್ಕ ಊಟಕ್ಕೆ ಮನೆಗೆ ಹೋದಾಗ ಮಾತ್ರ ಗಿಟಾರ್ ಮುಟ್ಟಬೇಕೆಂದು ಕಟ್ಟಪ್ಪಣೆಯಾಯಿತು.

ಒಂದು ಮಧ್ಯಾಹ್ನ ಸಂಗೀತದ ಟೀಚರ್ ಒಬ್ಬರು ದವಡೆ ಹಲ್ಲು ಕೀಳಿಸಲು ಬಂದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, "ಮರಗಟ್ಟಲಿ, ಸ್ವಲ್ಪ ಕಾಯೋಣ" ಎಂದರು. ಅಕ್ಕ ಊಟಕ್ಕೆ ಹೊರಟರು. ಟೀಚರ ಕಣ್ಣು ಮೂಲೆಯಲ್ಲಿದ್ದ ಗಿಟಾರಿನ ಮೇಲೆ ಬಿತ್ತು. ಬಾರಿಸಿ ಎಂದು ಕೈಸನ್ನೆ ಮಾಡಿದರು. ಡಾಕ್ಟರಿಗೆ ಅಷ್ಟೇ ಸಾಕಾಗಿತ್ತು.

ಝಂ ಝಂ ಝಂ. ಟೀಚರ ಮುಖದ ಅರ್ಧ ಭಾಗ ಮುದುಡಿತು, ಇನ್ನರ್ಧ ಆಗಲೇ ಮರಗಟ್ಟಿತ್ತು.

"ಯಾ... ಹಾಉ?"

"ಜೋಗುಳ ಮೇಡಂ. ಎಲ್ಲಾರ ಮನೇಲೂ ಹಾಡ್ತಾರಲ್ಲ, ಅದೇ."

ಟೀಚರ್ ತಲೆ ಚಚ್ಚಿಕೊಂಡರು. ಮಾತು ಹೊರಡದ್ದರಿಂದ ಮೂಗಿನಲ್ಲೇ "ಹ್ಞೂಂ... ಹ್ಞೂಂ..." ಎಂದು ರಾಗ ಎಳೆದರು. ಡಾಕ್ಟರು ಮತ್ತೆ ಆರೂ ತಂತಿ ಮೀಟಿದರು. ಟೀಚರ್ ಟ್ರೇಯಿಂದ ಬಾಯಿ ನೋಡುವ ಪುಟ್ಟ ಕನ್ನಡಿ ಎತ್ತಿಕೊಂಡು ಡಾಕ್ಟರ ಬೆರಳ ಗೆಣ್ಣಿಗೆ ಟಕ್ಕೆಂದು ಬಾರಿಸಿದರು. ಆಮೇಲೆ ಅದರ ಹಿಡಿಯಿಂದಲೇ ತೋರಿಸಿದರು: ಸಾಲಿನ ಮೊದಲಲ್ಲಿ ಒಮ್ಮೆ ಎಲ್ಲ ತಂತಿ, ಮಿಕ್ಕಂತೆ ಕೆಳಗಿನ ಎರಡು ಸಣ್ಣ ತಂತಿ ಮಾತ್ರ, ಒಂದೊಂದಾಗಿ.

ಮೂರು ಬೆರಳು ಕಾರ್ಡ್ ಹಿಡಿದು ಕೂತಿದ್ದವು. ಕಿರುಬೆರಳು ಮಾತ್ರ ಮನೆಯ ಕಿರಿಮಗನಂತೆ ಸುಮ್ಮನೆ ಅಲೆಯುತ್ತಿತ್ತು. ಡಾಕ್ಟರು ಅದನ್ನೇ ಸಣ್ಣ ತಂತಿಯ ಮೇಲೆ ಕೂರಿಸಿ ಹುಡುಕತೊಡಗಿದರು. ಸ್ವರ ತಪ್ಪಿದರೆ ಟೀಚರ್ "ಊಂಹ್ಞೂಂ!" ಎನ್ನುವರು, ಸರಿಯಾದರೆ ಕುರ್ಚಿಯ ಕೈಗೆ ಗುದ್ದುವರು. ಜೊಲ್ಲು ಇಳಿದರೆ ಡಾಕ್ಟರೇ ಒರೆಸುವರು, ಮತ್ತೆ ಮೊದಲಿಂದ. ಕೊನೆಗೆ ಝಂ ಎನ್ನುವ ಸದ್ದಿನ ಮೇಲೆ ಜೋಗುಳದ ಮೊದಲ ಸಾಲು ಕುಂಟುತ್ತ ಕುಂಟುತ್ತ ನಡೆದು ಬಂತು. ಡಾಕ್ಟರ ಕಣ್ಣು ತುಂಬಿಬಂತು.

ಆಗ ಅಕ್ಕ ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದು ಬಂದರು. "ಇನ್ನೂ ಇದ್ದಾರಾ! ಹಲ್ಲು ಬಂತೇನೋ?"

"ರಾಗ ಬಂತು ಅಕ್ಕಾ!"

"ನನಗೆ ಮಾತೂ ಬಂತು, ನೋವೂ ಬಂತು ಡಾಕ್ಟ್ರೇ," ಎಂದರು ಟೀಚರ್, ಅಕ್ಷರ ಅಕ್ಷರ ಬಿಡಿಸಿ. "ಇನ್ನೊಂದು ಸೂಜಿ ಚುಚ್ಚಿ. ಗಿಟಾರ್ ಹೊರಗಿಡಿ."

ಅಕ್ಕ ತಮ್ಮನನ್ನು ನೋಡಿದ ನೋಟ ಬೇರೆಯವರ ಮೇಲೆ ಬಿದ್ದಿದ್ದರೆ ಅವರ ಹಲ್ಲು ತಾನೇ ಉದುರುತ್ತಿತ್ತು. ಹಲ್ಲು ಕಿತ್ತದ್ದು ಮಾತ್ರ ಹೂವು ಎತ್ತಿದಷ್ಟು ಸಲೀಸಾಗಿ. ಹೋಗುವಾಗ ಟೀಚರ್ ಅರ್ಧ ಬಾಯಲ್ಲೇ ನಕ್ಕರು.

ಆ ಸಂಜೆ ಹೆಂಡತಿ ಒಗೆದ ಹೊದಿಕೆಗಳನ್ನು ಮಡಚುತ್ತಿದ್ದಳು. ಡಾಕ್ಟರು ಗಿಟಾರ್ ಹಿಡಿದು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಶುರುಮಾಡಿದರು. ಮೊದಲ ಸಾಲು ಮುಗಿಯಿತು. ಅವರಿಗೆ ಬರುತ್ತಿದ್ದದ್ದೇ ಅಷ್ಟು. ಎರಡನೆಯ ಸಾಲು ಮಡಚುತ್ತಿದ್ದವಳ ಗಂಟಲಿನಿಂದ ತಾನಾಗಿ ಹೊರಬಂತು. ಡಾಕ್ಟರು ಗಾಬರಿಯಾಗಿ ಬೆರಳು ತಪ್ಪಿಸಿ, ಕೈ ಎತ್ತಿಬಿಟ್ಟರು.

"ಯಾಕ್ರೀ ನಿಲ್ಲಿಸಿದ್ರಿ?"

"ಮುಂದೆ ಬರಲ್ಲ ಕಣೇ."

"ಬರದಿದ್ರೆ ಬಂದದ್ದನ್ನೇ ಬಾರಿಸಿ. ಮುಂದಿಂದು ನಾನು ನೋಡ್ಕೋತೀನಿ," ಎಂದು ಅವಳು ಇನ್ನೊಂದು ಹೊದಿಕೆ ಕೊಡವಿದಳು. "ಬೇಗ, ಮಡಚೋದು ಇನ್ನೂ ರಾಶಿ ಇದೆ."